ಕ್ಯಾಮೆರಾ ನೆತ್ತಿಯ ಮೇಲಿನ ಪುಟ್ಟ ಮೀಟರು

ಕ್ಯಾಮೆರಾ ಕೂಡ ಶೂ ಹಾಕುತ್ತದೆ, ಆದರೆ ಕಾಲಿಗಲ್ಲ, ತಲೆಗೆ! ಹಳೆಯ ಫಿಲ್ಮ್ ಕ್ಯಾಮೆರಾ ಕೈಗೆ ಸಿಕ್ಕರೆ ಅದರ ನೆತ್ತಿಯ ಮೇಲೆ ನೋಡಿ. ಎರಡೂ ಅಂಚು ಒಳಕ್ಕೆ ಮಡಚಿದ ಒಂದು ಪುಟ್ಟ ತಗಡಿನ ಗಾಡಿ ಇರುತ್ತದೆ. ಅದನ್ನೇ ಶೂ ಅನ್ನುವುದು. ಈಗಿನವರು ಅದರಲ್ಲಿ ಫ್ಲ್ಯಾಶ್ ಸಿಕ್ಕಿಸುತ್ತಾರೆ. ಆದರೆ 1925ರಲ್ಲಿ ಮೊದಲ ಲೈಕಾ ಮಾರುಕಟ್ಟೆಗೆ ಬಂದಾಗ ಆ ಗಾಡಿ ಇದ್ದದ್ದು ಎದುರಿನ ವಸ್ತು ಎಷ್ಟು ದೂರದಲ್ಲಿದೆ ಅಂತ ಅಳೆಯುವ ಉಪಕರಣ ಕೂರಿಸುವುದಕ್ಕೆ. ಕ್ಯಾಮೆರಾದ ಒಳಗೆ ಜಾಗ ಇಲ್ಲದ್ದನ್ನೆಲ್ಲ ತಲೆಯ ಮೇಲೆ ಹೊರಿಸುವುದು ಅಂದಿನಿಂದ ರೂಢಿಯಾಯಿತು. ನಮ್ಮ ಕಡೆ ಸಂತೆಗೆ ಹೊರಟವರು ಬುಟ್ಟಿ ಹೊರುವ ಹಾಗೆ.

ಹಾಗೆ ಹೊರಿಸಿದ್ದರಲ್ಲಿ ಒಂದು ಬೆಳಕು ಅಳೆಯುವ ಮೀಟರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದಪ್ಪ. ಅದರ ಸಹವಾಸ ನನಗೆ ಇಪ್ಪತ್ತೇಳು ವರ್ಷದಿಂದ ಇದೆ, ಅದರ ಮೇಲೆ ಒಂದು ಸಿಟ್ಟೂ ಇದೆ. ಸಿಟ್ಟಿನ ವಿಷಯ ಆಮೇಲೆ.

ನಾನು ಧಾರವಾಡದಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿನ ಪರೀಕ್ಷೆ ಪಾಸಾಗಿ 1993ರಲ್ಲಿ ಅಹಮದಾಬಾದಿಗೆ ಬಂದವನು. ಎರಡು ವರ್ಷ ಇದ್ದು ವಾಪಸ್ ವರ್ಗ ಮಾಡಿಸಿಕೊಂಡು ಹೋಗುವುದು ಅಂತ ಲೆಕ್ಕ ಹಾಕಿದ್ದೆ. ಆ ಲೆಕ್ಕ ಏನಾಯಿತು ಅಂತ ನಿಮಗೆ ಹೇಳಬೇಕಿಲ್ಲ, ನೀವೂ ಹೆಚ್ಚುಕಡಿಮೆ ಹಾಗೆಯೇ ಉಳಿದವರು! ಭಾನುವಾರ ಬಂದರೆ ಹೊತ್ತು ಹೋಗುತ್ತಿರಲಿಲ್ಲ. ಆಗ ಎಲ್ಲಿಸ್ ಬ್ರಿಜ್ ಕೆಳಗೆ ಸಾಬರಮತಿ ನದಿಯ ದಂಡೆಯ ಮೇಲೆ ಗುಜರಿ ಬಜಾರ್ ಕೂಡುತ್ತಿತ್ತು (ನಮ್ಮ ‘ಗುಜರಿ’ ಅಂಗಡಿಯ ಹೆಸರು ನೆನಪಾಯಿತೇ?). ರಿವರ್‌ಫ್ರಂಟ್ ಆದಮೇಲೆ ಅದಕ್ಕೆ ಕಟ್ಟೆ, ನೆರಳು ಎಲ್ಲ ಬಂದಿದೆ. ಆಗ ಬರೀ ಧೂಳು. ಅಲ್ಲಿ ನನಗೆ ಸಿಕ್ಕಿದ್ದು ರಷ್ಯಾದ ಒಂದು ಜೋರ್ಕಿ-4. ಕಬ್ಬಿಣದ ತೂಕದ ಕ್ಯಾಮೆರಾ, 50 ಮಿ.ಮೀ. ಎಫ್/2 ಲೆನ್ಸು, ಬ್ಯಾಟರಿ ಇಲ್ಲ, ಮೀಟರ್ ಇಲ್ಲ. 1998ರ ಮಳೆಗಾಲದಲ್ಲಿ ಅದೇ ಬಜಾರಿನಲ್ಲಿ, ಒಡೆದ ರೇಡಿಯೋ ಮತ್ತು ಹಿತ್ತಾಳೆ ಬೀಗಗಳ ರಾಶಿಯ ನಡುವೆ, ಅದರ ಶೂಗೆ ಕೂರುವಂಥ ಒಂದು ಸೆಲೆನಿಯಂ ಮೀಟರು ಕಂಡಿತು. ಹೆಸರಿನ ಪಟ್ಟಿ ಅಳಿಸಿಹೋಗಿತ್ತು. ಎದುರಿಗೆ ಜೇನುಗೂಡಿನಂಥ ಗಾಜಿನ ಕಿಟಕಿ, ಮೇಲೆ ಒಂದು ಮುಳ್ಳು, ತಿರುಗಿಸುವ ಚಕ್ರ. ಬಿಸಿಲಿಗೆ ಹಿಡಿದೆ, ಮುಳ್ಳು ಎದ್ದಿತು. ಅಂಗೈ ಮುಚ್ಚಿದೆ, ಬಿದ್ದಿತು. ಚೌಕಾಶಿ ಮಾಡದೆ ಕೊಂಡೆ. ಗುಜರಾತಿನಲ್ಲಿ ಅದು ದೊಡ್ಡ ತಪ್ಪು ಅಂತ ಜೊತೆಗಿದ್ದ ಸಹೋದ್ಯೋಗಿ ವಾರಗಟ್ಟಲೆ ಆಡಿಕೊಂಡ.

ಬ್ಯಾಟರಿ ಇಲ್ಲದೆ ಮುಳ್ಳು ಹೇಗೆ ಏಳುತ್ತದೆ? ಇದರ ಕಥೆ ಸಮುದ್ರದ ತಳದಲ್ಲಿ ಶುರುವಾಗುತ್ತದೆ. 1873ರಲ್ಲಿ ವಿಲೋಬಿ ಸ್ಮಿತ್ ಎಂಬ ಇಂಗ್ಲಿಷ್ ಎಂಜಿನಿಯರು ಸಮುದ್ರದಡಿಯ ತಂತಿ ಕೇಬಲ್ ಪರೀಕ್ಷಿಸಲು ಸೆಲೆನಿಯಂ ಸರಳುಗಳನ್ನು ಬಳಸುತ್ತಿದ್ದ. ಸರಳಿನ ಮೇಲೆ ಬೆಳಕು ಬಿದ್ದಾಗ ಅದರ ವಿದ್ಯುತ್ ತಡೆ ಬದಲಾಗುತ್ತದೆ, ಕತ್ತಲಲ್ಲಿಟ್ಟರೆ ಮೊದಲಿನಂತಾಗುತ್ತದೆ. ಕೇಬಲ್ ಕೆಲಸಕ್ಕೆ ಇದು ಕಿರಿಕಿರಿ, ಆದರೆ ಬೆಳಕನ್ನು ಅಳೆಯಬೇಕಾದವರಿಗೆ ಬಂಗಾರ. ಹತ್ತು ವರ್ಷದ ಮೇಲೆ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಂ ಮೇಲೆ ತೆಳ್ಳಗೆ ಚಿನ್ನ ಲೇಪಿಸಿ, ಬೆಳಕಿನಿಂದಲೇ ವಿದ್ಯುತ್ ಹುಟ್ಟಿಸಿ ತೋರಿಸಿದ. ಆದರೂ ಫೋಟೋಗ್ರಾಫರುಗಳ ಜೇಬಿಗೆ ಅದು ಬರಲು ಅರ್ಧ ಶತಮಾನ ಬೇಕಾಯಿತು. ಅಲ್ಲಿಯವರೆಗೆ ಇದ್ದದ್ದು ಕಾಗದದ ಮೀಟರು. ಬೆಳಕಿಗೆ ಕಪ್ಪಾಗುವ ಕಾಗದದ ತುಣುಕನ್ನು ಹೊರಗೆ ಹಿಡಿದು, ಪಕ್ಕದಲ್ಲಿರುವ ಬಣ್ಣದಷ್ಟು ಅದು ಗಾಢವಾಗಲು ಎಷ್ಟು ಸೆಕೆಂಡು ಬೇಕು ಅಂತ ಎಣಿಸುವುದು. ಬದನೆಕಾಯಿ ಬೆಂದಿತೋ ಅಂತ ನೋಡಿದ ಹಾಗೆ!

1932ರಲ್ಲಿ ಅಮೆರಿಕದ ವೆಸ್ಟನ್ ಕಂಪನಿ ಸೆಲೆನಿಯಂ ಕೋಶ ಮತ್ತು ಮುಳ್ಳಿನ ಮೀಟರನ್ನು ಮಾರಾಟಕ್ಕೆ ತಂದಿತು. (ಕಂಪನಿ ಕಟ್ಟಿದ ಎಡ್ವರ್ಡ್ ವೆಸ್ಟನ್ ಬೇರೆ, ಹೆಸರಾಂತ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ ಬೇರೆ. ನಾನು ಬಹಳ ವರ್ಷ ಇಬ್ಬರನ್ನೂ ಒಬ್ಬರೇ ಅಂದುಕೊಂಡು, ಎಷ್ಟು ಬುದ್ಧಿವಂತ ಅಂತ ಬೆರಗಾಗಿದ್ದೆ.) ಅದು ಕೈಯಲ್ಲಿ ಹಿಡಿಯುವ ಮೀಟರು. 1954ರಲ್ಲಿ ಲೈಕಾ ಎಂ3 ಬಂದಾಗ ಅದರ ಶೂ ಮೇಲೆ ಕೂತು ಶಟರ್ ಚಕ್ರಕ್ಕೆ ಹಲ್ಲು ಕಚ್ಚಿಕೊಳ್ಳುವ ಲೈಕಾಮೀಟರ್ ಕೂಡ ಬಂತು. ಮೀಟರಿನ ಚಕ್ರ ತಿರುಗಿಸಿದರೆ ಕ್ಯಾಮೆರಾದ ವೇಗವೂ ತಿರುಗುತ್ತಿತ್ತು. ಮುಂದಿನ ದಶಕದಲ್ಲಿ ಸೆಲೆನಿಯಂ ಹೋಗಿ ಕ್ಯಾಡ್ಮಿಯಂ ಸಲ್ಫೈಡ್ ಬಂತು. ಮಂದ ಬೆಳಕನ್ನೂ ಅದು ಅಳೆಯುತ್ತಿತ್ತು, ಆದರೆ ಪಾದರಸದ ಪುಟ್ಟ ಬ್ಯಾಟರಿ ಕೇಳುತ್ತಿತ್ತು. ಆ 1.35 ವೋಲ್ಟಿನ ಬ್ಯಾಟರಿ ಈಗ ಅಂಗಡಿಗಳಿಂದ ಮಾಯವಾಗಿದೆ. ಈಗಿನ 1.5 ವೋಲ್ಟಿನದು ಹಾಕಿದರೆ ಎಷ್ಟೋ ಹಳೆಯ ಮೀಟರುಗಳು ತಪ್ಪು ಲೆಕ್ಕ ಹೇಳುತ್ತವೆ. ಇಷ್ಟರಲ್ಲಿ 1963ರ ಟಾಪ್‌ಕಾನ್, 1964ರ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಲೆನ್ಸಿನ ಹಿಂದಿನಿಂದಲೇ ಬೆಳಕು ಅಳೆಯತೊಡಗಿದವು. ಶೂ ಮೇಲಿನ ಮೀಟರಿನ ಕಾಲ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಹಾಗೆ ಮುಗಿದ ಕಾಲದ ಒಂದು ಚೂರು ಮೂವತ್ತು ವರ್ಷ ತಡವಾಗಿ ಗುಜರಿ ಬಜಾರಿನಲ್ಲಿ ನನ್ನ ಕೈಗೆ ಬಿದ್ದಿತ್ತು.

ಈಗ ಸಿಟ್ಟಿನ ವಿಷಯ.

1999ರ ಜನವರಿಗೆ ಅವ್ವ ಧಾರವಾಡದಿಂದ ಬಂದಳು. ಅಪ್ಪ ತೀರಿಕೊಂಡು ಎಂಟು ವರ್ಷವಾಗಿತ್ತು, ಆಕೆ ಅಷ್ಟು ದೂರ ರೈಲಿನಲ್ಲಿ ಬಂದದ್ದು ಅದೇ ಮೊದಲು. ನಮಗೆ ಸಂಕ್ರಾಂತಿ, ಇಲ್ಲಿನವರಿಗೆ ಉತ್ತರಾಯಣ. ಜನವರಿ 14ರಂದು ಅಹಮದಾಬಾದಿನಲ್ಲಿ ಮನೆಯೊಳಗೆ ಯಾರೂ ಇರುವುದಿಲ್ಲ, ಊರಿಗೆ ಊರೇ ಧಾಬಾ ಮೇಲಿರುತ್ತದೆ. ಧಾಬಾ ಅಂದರೆ ಊಟದ ಧಾಬಾ ಅಲ್ಲ, ಇಲ್ಲಿ ಮಾಳಿಗೆಗೆ ಹಾಗನ್ನುತ್ತಾರೆ. ಆಕಾಶದ ತುಂಬ ಪತಂಗ, ಕಿವಿ ತುಂಬ ‘ಕಾಯ್ಪೋ ಛೇ’, ತಟ್ಟೆ ತುಂಬ ಉಂಧಿಯು, ಜಿಲೇಬಿ. ಅವ್ವ ಊರಿಂದ ಕುಸುರೆಳ್ಳಿನ ಡಬ್ಬಿ ತಂದಿದ್ದಳು. ಪಕ್ಕದ ಮನೆಯವರೆಲ್ಲ ಆಕೆಯನ್ನು ‘ಬಾ’ ಅಂತ ಕರೆಯುತ್ತಿದ್ದರು. ಆಕೆಗೆ ಗುಜರಾತಿ ಬಾರದು, ಅವರಿಗೆ ಕನ್ನಡ ಬಾರದು, ಆದರೂ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮಕ್ಕಳ ಕೈಯಲ್ಲೂ ಕುಸುರೆಳ್ಳು ಇತ್ತು. ನೀರಿನ ಟಾಕಿಯ ನೆರಳಿನಲ್ಲಿ ಡಬ್ಬಿ ಹಿಡಿದು ಕೂತಿದ್ದ ಅವ್ವನ ಹಿಂದೆ ಪತಂಗ ತುಂಬಿದ ಆಕಾಶ. ಇಂಥ ಫೋಟೋ ಮತ್ತೆ ಸಿಗದು ಅಂತ ಜೋರ್ಕಿ ತೆಗೆದೆ. 400ರ ಕಪ್ಪು-ಬಿಳುಪು ಫಿಲ್ಮು. ಮೀಟರನ್ನು ಶೂಗೆ ಸಿಕ್ಕಿಸಿ ಆಕೆಯ ಕಡೆ ತಿರುಗಿಸಿದೆ. 1/500, ಎಫ್/16 ಅಂತ ತೋರಿಸಿತು. ಹಾಗೇ ಇಟ್ಟೆ. ಒಂದಲ್ಲ, ನಾಲ್ಕು ತೆಗೆದೆ.

ಅವ್ವ ಊರಿಗೆ ಹೋದಮೇಲೆ ಪ್ರಿಂಟು ಬಂತು. ಒಂದೊಂದು ಪತಂಗದ ಬಾಲವೂ ಎಣಿಸುವ ಹಾಗಿತ್ತು. ಅವ್ವ ಇದ್ದ ಜಾಗದಲ್ಲಿ ಕರೀ ಗುಡ್ಡದಂಥ ಒಂದು ಆಕಾರ. ಮತ್ತೆ ತೆಗೆದರಾಯಿತು ಅಂದುಕೊಂಡು ಒಂದನ್ನು ಅಂಚೆಗೆ ಹಾಕಿದೆ. ಅದು ತಲುಪಿದಮೇಲೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಾಗ ಆಕೆ ಅಂದದ್ದು ಇಷ್ಟು: “ಗಾಳಿಪಟ ಭಾಳ ಛಲೋ ಬಂದಾವು ನೋಡು. ಆದ್ರ ಇದರಾಗ ನಾ ಎಲ್ಲಿದ್ದೇನೋ ತಮ್ಮಾ?”

ಅದೇ ವರ್ಷ ಜೂನಿನಲ್ಲಿ ಆಕೆ ತೀರಿಕೊಂಡಳು. ಅಹಮದಾಬಾದಿನಲ್ಲಿ ಅವ್ವನ ಫೋಟೋ ಅಂತ ನನ್ನ ಹತ್ತಿರ ಇದ್ದದ್ದು ಆ ನಾಲ್ಕೇ.

ಮೀಟರು ಕೆಟ್ಟಿದೆ ಅಂತ ತಿಳಿದು ಹಳೇ ಊರಿನ ಪೋಳದಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದ ಒಬ್ಬ ಮುದುಕರ ಹತ್ತಿರ ಒಯ್ದೆ. (ಪೋಳ ಅಂದರೆ ಇಲ್ಲಿನ ಓಣಿ, ಬಾಯಿಗೆ ಬಾಗಿಲಿರುವಂಥದ್ದು.) ಅವರು ಮೀಟರನ್ನು ತಿರುಗಿಸಿ ಮುರುಗಿಸಿ ನೋಡಿ, ಬೀದಿಗೆ ಹಿಡಿದು, ಗೋಡೆಗೆ ಹಿಡಿದು, ಏನೂ ಆಗಿಲ್ಲ ಅಂದರು. ಆಮೇಲೆ ನೆಗೆಟಿವ್ ನೋಡಿದರು. ಅದು ಹೇಳಿದ್ದು ಸರಿಯೇ ಇದೆ, ನೀನು ಕೇಳಿದ್ದು ಆಕಾಶವನ್ನು ಅಂದರು. ಕಾಮರ್ಸ್ ಓದಿದವನಿಗೆ ಆ ಕ್ಷಣವೇ ಅರ್ಥವಾಯಿತು. ಟ್ರಯಲ್ ಬ್ಯಾಲೆನ್ಸ್ ಪೈಸೆಗೆ ಪೈಸೆ ತಾಳೆಯಾಗಿದೆ, ಆದರೆ ಜಮಾ ಆಗಿರುವುದು ಬೇರೆಯವರ ಖಾತೆಗೆ!

ಇಲ್ಲಿ ಮೀಟರಿನ ಸ್ವಭಾವ ಸ್ವಲ್ಪ ಹೇಳಬೇಕು. ಎದುರಿಗಿರುವುದು ಬಿಳಿಯೋ ಕರಿಯೋ ಅದಕ್ಕೆ ಗೊತ್ತಿಲ್ಲ. ಎದುರಿನಿಂದ ಬಂದ ಬೆಳಕನ್ನೆಲ್ಲ ಒಟ್ಟು ಸೇರಿಸಿ ಸರಾಸರಿ ತೆಗೆದು, ಆ ಸರಾಸರಿ ಮಧ್ಯಮ ಬೂದು ಬಣ್ಣವಾಗಿ ಬರಬೇಕು ಅಂತ ಲೆಕ್ಕ ಹೇಳುತ್ತದೆ. ಬಿದ್ದ ಬೆಳಕಿನ ಸುಮಾರು 18% ವಾಪಸ್ ಕಳಿಸುವ ಬೂದು ಅದು. ಖಾದಿ ಅಂಗಿ ತೋರಿಸಿದರೂ ಬೂದು, ಎಮ್ಮೆ ತೋರಿಸಿದರೂ ಬೂದು. ಶೂ ಮೇಲಿನ ಮೀಟರು ಲೆನ್ಸಿನ ಮೂಲಕ ನೋಡುವುದೂ ಇಲ್ಲ. ತನ್ನದೇ ಕಿಟಕಿಯಿಂದ, ತನ್ನದೇ ಅಗಲಕ್ಕೆ ನೋಡುತ್ತದೆ. ನನ್ನ ಕಣ್ಣು ವ್ಯೂಫೈಂಡರಿನಲ್ಲಿ ಅವ್ವನ ಮುಖವನ್ನು ನೋಡುತ್ತಿದ್ದಾಗ ಅದು ಆಕೆಯ ತಲೆಯ ಮೇಲಿನ ಆಕಾಶವನ್ನೆಲ್ಲ ನೋಡುತ್ತಿತ್ತು. ನೆರಳಿನ ಮುಖಕ್ಕೆ ಬೇಕಾಗಿದ್ದದ್ದು ಎಫ್/5.6ರ ಹತ್ತಿರ. ಹದಿನಾರಕ್ಕೂ 5.6ಕ್ಕೂ ನಡುವೆ ಮೂರು ಸ್ಟಾಪು. ಒಂದೊಂದು ಸ್ಟಾಪು ಅಂದರೆ ಬೆಳಕು ಅರ್ಧ, ಮೂರಾದರೆ ಎಂಟನೇ ಒಂದು ಪಾಲು. ಅವ್ವನ ಮುಖಕ್ಕೆ ರೂಪಾಯಿಗೆ ಎರಡಾಣೆ ಬೆಳಕು ಕೊಟ್ಟಿದ್ದೆ.

ಆ ಮುದುಕರು ಅಂಗೈ ವಿದ್ಯೆಯನ್ನೂ ಹೇಳಿಕೊಟ್ಟರು. ಫೋಟೋ ತೆಗೆಸಿಕೊಳ್ಳುವವರ ಮೇಲೆ ಬೀಳುವ ಬೆಳಕೇ ಬೀಳುವ ಹಾಗೆ ನಿಮ್ಮ ಅಂಗೈ ಹಿಡಿಯಿರಿ. ನೆರಳಲ್ಲಿದ್ದರೆ ನೆರಳಲ್ಲೇ. ಮೀಟರನ್ನು ಅಂಗೈಗೆ ಹತ್ತಿರ ಒಯ್ದು, ಅಂಗೈಯೇ ಕಿಟಕಿ ತುಂಬುವಂತೆ ನೋಡಿ ಲೆಕ್ಕ ತೆಗೆದುಕೊಳ್ಳಿ. ಅಂಗೈ ಆ ಬೂದು ಬಣ್ಣಕ್ಕಿಂತ ಸುಮಾರು ಎರಡರಷ್ಟು ಬೆಳಕು ಕಳಿಸುತ್ತದೆ, ಆದ್ದರಿಂದ ಒಂದು ಸ್ಟಾಪು ಹೆಚ್ಚು ಕೊಡಿ. ಮೈಬಣ್ಣ ಯಾವುದಿದ್ದರೂ ಅಂಗೈಗಳಲ್ಲಿ ಅಷ್ಟು ವ್ಯತ್ಯಾಸವಿಲ್ಲ. ಶೂ ಮೀಟರನ್ನು ಕ್ಯಾಮೆರಾದಿಂದ ಕಳಚಿ ಕೈಗೆತ್ತಿಕೊಳ್ಳಲು ಬರುತ್ತದಲ್ಲ, ಅದೇ ಅದರ ದೊಡ್ಡ ಅನುಕೂಲ ಅಂತ ನನಗೆ ತಿಳಿದದ್ದು ಅವತ್ತು. ನಾನು ಅದನ್ನು ಕ್ಯಾಮೆರಾಕ್ಕೆ ಅಂಟಿಸಿಯೇ ಇಟ್ಟಿದ್ದೆ.

ಆಮೇಲೆ ನನಗೆ ಬಂದ ಯೋಚನೆ ಅಂದರೆ, ಮೀಟರಿಲ್ಲದ ನಮ್ಮಪ್ಪ ತೆಗೆದ ಫೋಟೋಗಳಲ್ಲಿ ಅವ್ವನ ಮುಖ ಯಾವತ್ತೂ ಕಪ್ಪಾಗಿರಲಿಲ್ಲವಲ್ಲ! ಅಪ್ಪನ ಹತ್ತಿರ ಇದ್ದದ್ದು ಆಗ್ಫಾ ಕ್ಲಿಕ್-III. ಎಪ್ಪತ್ತು, ಎಂಬತ್ತರ ದಶಕದಲ್ಲಿ ಬೆಳೆದವರಿಗೆ ಈ ಹೆಸರು ಹೇಳಿದರೆ ಸಾಕು. 120 ರೋಲಿನಲ್ಲಿ ಹನ್ನೆರಡು ಚೌಕ ಚಿತ್ರ. ಹೊಂದಿಸಲು ಇದ್ದದ್ದು ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಮುಗಿಯಿತು. ಅಪ್ಪನ ಶಾಸ್ತ್ರವೂ ಅಷ್ಟೇ: ತಾನು ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಎದುರಿನವರು ಸೂರ್ಯನಿಗೆ ಮಾರಿ ಕೊಡಬೇಕು. ಅದಕ್ಕೇ ನಮ್ಮ ಮನೆಯ ಆಲ್ಬಮ್ಮಿನಲ್ಲಿ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೇವೆ. ಆದರೆ ಮುಖ ಇದೆ.

2009ರಲ್ಲಿ ನನಗೆ ವಡೋದರಾಕ್ಕೆ ವರ್ಗವಾಯಿತು. ಅಲ್ಲಿಗೆ ಹೋದಮೇಲೆ ತಿಳಿಯಿತು, ನಮ್ಮ ಕ್ಲಿಕ್-III ತಯಾರಾದದ್ದು ಆ ಊರಿನಲ್ಲೇ! ಜರ್ಮನಿಯ ಆಗ್ಫಾದ ವಿನ್ಯಾಸವನ್ನು ವಡೋದರಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಇಲ್ಲಿ ತಯಾರಿಸುತ್ತಿತ್ತು. ಧಾರವಾಡದ ನಮ್ಮ ಹಿತ್ತಿಲಿನಲ್ಲಿ ಅವ್ವನ ಮುಖ ಹಿಡಿದ ಡಬ್ಬಿ ಹುಟ್ಟಿದ್ದು ನನ್ನ ಹೊಸ ಬ್ರಾಂಚಿನ ಊರಲ್ಲಿ. ಇದನ್ನು ಹೇಳಿಕೊಳ್ಳಲು ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಬ್ರಾಂಚಿನಲ್ಲಿ ಹೇಳಿದರೆ ‘ಅಚ್ಛಾ’ ಅಂದು ಚಹಾ ಕುಡಿದರು.

ವಡೋದರಾದಲ್ಲಿ ಇನ್ನೊಂದು ಬೆಳಕೂ ಇತ್ತು, ನಾನು ತಿಳಿಯುವ ಹೊತ್ತಿಗೆ ತಡವಾಗಿತ್ತು. 2011ರಲ್ಲಿ ಪದ್ಮವಿಭೂಷಣ ಪಟ್ಟಿಯಲ್ಲಿ ಹೋಮಾಯ್ ವ್ಯಾರಾವಾಲಾ ಅವರ ಹೆಸರು ಓದಿದಾಗ ಗೊತ್ತಾಯಿತು, ಅವರು ನಮ್ಮೂರಲ್ಲೇ ಇದ್ದಾರೆ ಅಂತ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. 1913ರಲ್ಲಿ ಸೂರತ್ತಿಗೆ ಹತ್ತಿರದ ನವಸಾರಿಯಲ್ಲಿ ಪಾರಸಿ ಮನೆಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, 1942ರಲ್ಲಿ ದಿಲ್ಲಿಗೆ ಹೋದವರು. ಮೊದಮೊದಲು ಅವರ ಚಿತ್ರಗಳು ಅಚ್ಚಾದದ್ದು ಗಂಡ ಮಾಣೆಕ್‌ಶಾ ಹೆಸರಿನಲ್ಲಿ. ಆಮೇಲೆ ಇಟ್ಟುಕೊಂಡ ಅಂಕಿತ ‘ಡಾಲ್ಡಾ 13’. ಹುಟ್ಟಿದ್ದು 1913, ಗಂಡನನ್ನು ಮೊದಲು ಕಂಡದ್ದು 13ನೇ ವಯಸ್ಸಿನಲ್ಲಿ, ಮೊದಲ ಕಾರಿನ ನಂಬರು ಡಿಎಲ್‌ಡಿ 13. ದೇಶ ವಿಭಜನೆಗೆ ಕೈ ಎತ್ತಿದ ಸಭೆ, 1947ರ ಧ್ವಜಾರೋಹಣ, ಗಾಂಧೀಜಿಯ ಅಂತ್ಯಯಾತ್ರೆ, ನೆಹರೂ, ಎಲ್ಲವೂ ಅವರ ರೋಲಿಫ್ಲೆಕ್ಸ್ ಮತ್ತು ಸ್ಪೀಡ್ ಗ್ರಾಫಿಕ್ ಕ್ಯಾಮೆರಾಗಳ ಮುಂದೆ ನಡೆದವು.

ಆ ಕಾಲದ ಪತ್ರಿಕಾ ಕೆಲಸದಲ್ಲಿ ಬೆಳಕಿನ ಲೆಕ್ಕ ಹೇಗಿತ್ತು ಗೊತ್ತೇ? ಸಭಾಂಗಣದೊಳಗೆ ಫ್ಲ್ಯಾಶ್ ಬಲ್ಬು. ಒಂದು ಬಲ್ಬು ಒಂದೇ ಸಲ ಉರಿಯುತ್ತದೆ, ಆಮೇಲೆ ಕಿತ್ತು ಎಸೆದು ಹೊಸದು ಹಾಕಬೇಕು. ಬಲ್ಬಿನ ಜೊತೆಗೆ ಕೊಟ್ಟ ಒಂದು ಅಂಕಿಯನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಬರುತ್ತದೆ. ಅಂಕಿ 80 ಇದ್ದು, ಮಂತ್ರಿಗಳು ಹತ್ತು ಅಡಿ ದೂರದಲ್ಲಿದ್ದರೆ ಎಫ್/8. ಅವರು ಎರಡು ಹೆಜ್ಜೆ ಮುಂದೆ ಬಂದರೆ ಮತ್ತೆ ಭಾಗಾಕಾರ. ಜನಜಂಗುಳಿಯಲ್ಲಿ, ಸೀರೆ ಉಟ್ಟುಕೊಂಡು, ಭಾರದ ಕ್ಯಾಮೆರಾ ಹೊತ್ತುಕೊಂಡು! ನಮಗೆ ಕೌಂಟರಿನಲ್ಲಿ ಕ್ಯಾಲ್ಕುಲೇಟರ್ ಕೆಟ್ಟರೆ ಕೈಕಾಲು ಆಡುವುದಿಲ್ಲ.

ಗಂಡ ತೀರಿಕೊಂಡ ಮರುವರ್ಷ, 1970ರಲ್ಲಿ, ಅವರು ಕ್ಯಾಮೆರಾ ಕೆಳಗಿಟ್ಟುಬಿಟ್ಟರು. ಮತ್ತೆ ವೃತ್ತಿಗೆ ಮರಳಲಿಲ್ಲ. ಕೊನೆಯ ದಶಕಗಳನ್ನು ವಡೋದರಾದಲ್ಲಿ ಕಳೆದರು. ಮಗನನ್ನು ಕಳೆದುಕೊಂಡ ಮೇಲೂ ಒಬ್ಬರೇ, ತಮ್ಮ ಕೆಲಸ ತಾವೇ ಮಾಡಿಕೊಂಡು ಇದ್ದರು. ಹೋಗಿ ನಮಸ್ಕಾರ ಮಾಡಿ ಬರಬೇಕು ಅಂತ ನಾನು ಮಾರ್ಚಿ ಮುಗಿಯಲಿ, ಆಡಿಟ್ ಮುಗಿಯಲಿ ಅಂತ ಮುಂದೂಡಿದೆ. 2012ರ ಜನವರಿ 15ಕ್ಕೆ, ಉತ್ತರಾಯಣದ ಮರುದಿನ, ಅವರು ತೀರಿಕೊಂಡರು.

ಅಹಮದಾಬಾದಿಗೆ ಬಂದರೆ ಪ್ರಾಣ್‌ಲಾಲ್ ಪಟೇಲರು. 1910ರಲ್ಲಿ ಹುಟ್ಟಿ 2014ರ ಜನವರಿಯಲ್ಲಿ ತೀರಿಕೊಂಡವರು, ಅಂದರೆ ನೂರನಾಲ್ಕು ವರ್ಷ! ಮೃದುಲಾ ಸಾರಾಭಾಯಿ 1934ರಲ್ಲಿ ಕಟ್ಟಿದ ಜ್ಯೋತಿ ಸಂಘಕ್ಕಾಗಿ 1937ರಲ್ಲಿ ಅವರು ಅಹಮದಾಬಾದಿನ ದುಡಿಯುವ ಹೆಣ್ಣುಮಕ್ಕಳ ಚಿತ್ರಗಳನ್ನು ತೆಗೆದರು. ಮಹಾರಾಜರ ಭಾವಚಿತ್ರಗಳೇ ಫೋಟೋ ಅನ್ನಿಸಿಕೊಳ್ಳುತ್ತಿದ್ದ ಕಾಲದಲ್ಲಿ ಬೀದಿಯಲ್ಲಿ, ಕೆಲಸದ ಜಾಗದಲ್ಲಿ ನಿಂತ ಹೆಂಗಸರು. ಆಗ ಮುಳ್ಳಿನ ಮೀಟರು ಲೋಕಕ್ಕೆ ಬಂದೇ ಐದು ವರ್ಷವಾಗಿತ್ತು. 1966ರಲ್ಲಿ ಇದೇ ಊರಿಗೆ ಫ್ರಾನ್ಸಿನ ಕಾರ್ತಿಯೇ-ಬ್ರೆಸೋನ್ ಬಂದರು. ನೆಲದ ಮೇಲೆ ಉದ್ದುದ್ದ ಸೀರೆಗಳನ್ನು ಬಿಸಿಲಿಗೆ ಹರಡುತ್ತಿರುವ ಹೆಂಗಸರ ಆ ಚಿತ್ರ ನೀವೂ ಎಲ್ಲೋ ನೋಡಿರುತ್ತೀರಿ. ಅವರ ಲೈಕಾದ ಶೂಗೆ ಮೀಟರು ಮಾರುಕಟ್ಟೆಯಲ್ಲಿತ್ತು, ಆದರೆ ಅವರದು ಹೆಚ್ಚಾಗಿ ಕಣ್ಣಂದಾಜು. ಫ್ಲ್ಯಾಶನ್ನಂತೂ ಮುಟ್ಟುತ್ತಿರಲಿಲ್ಲ.

ಕಣ್ಣಂದಾಜು ಅಂದರೆ ಮಂತ್ರವಲ್ಲ. ಫಿಲ್ಮ್ ಡಬ್ಬಿಯಲ್ಲೇ ಸೂರ್ಯ, ಮೋಡದ ಚಿತ್ರ ಹಾಕಿ ಅಚ್ಚು ಮಾಡಿಕೊಡುತ್ತಿದ್ದ ಸೂತ್ರ. ಬರೀ ಬಿಸಿಲಿನಲ್ಲಿ ಎಫ್/16 ಇಟ್ಟು, ಫಿಲ್ಮಿನ ಅಂಕಿಯನ್ನೇ ಶಟರಿನ ಭಾಜಕ ಮಾಡಿ. 100ರ ಫಿಲ್ಮಿಗೆ 1/125, 400ಕ್ಕೆ 1/500. ಮಬ್ಬು ಬಿಸಿಲಿಗೆ ಎಫ್/11, ಮೋಡಕ್ಕೆ 8, ತೆರೆದ ನೆರಳಿಗೆ 5.6 ಅಥವಾ 4. ಗುಜರಾತಿನಲ್ಲಿ ಅಕ್ಟೋಬರಿನಿಂದ ಮೇ ತನಕ ಬಿಸಿಲು ಇಷ್ಟು ನಿಯತ್ತಿನದು ಅಂದರೆ ಸೂತ್ರ ತಪ್ಪುವುದು ಅಪರೂಪ. ಈ ಲೆಕ್ಕದಲ್ಲಿ ಅವ್ವನ ಫೋಟೋ ನೋಡಿ: ಟಾಕಿಯ ನೆರಳು, 400ರ ಫಿಲ್ಮು, 1/500, ಎಫ್/5.6. ಡಬ್ಬಿಯೊಳಗಿನ ಚೀಟಿ ಓದಿದ್ದರೆ ಸಾಕಿತ್ತು. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅಂಥವರು ಇದನ್ನೆಲ್ಲ ಉಸಿರಾಡಿದಷ್ಟು ಸಲೀಸಾಗಿ ಮಾಡಿದ ತಲೆಮಾರು.

ಹಾಗಾದರೆ ಮೀಟರು ಬೇಡವೇ? ಹಾಗಲ್ಲ. ಬಿಸಿಲಿನಲ್ಲಿ ಬೇಡ, ಬಾವಿಯಲ್ಲಿ ಬೇಕು! ಅಹಮದಾಬಾದಿನಿಂದ ಹದಿನೆಂಟು ಕಿಲೋಮೀಟರು ಉತ್ತರಕ್ಕೆ ಅಡಾಲಜ್ ಇದೆ. 1499ರಲ್ಲಿ ಮುಗಿದ ಐದಂತಸ್ತಿನ ಮೆಟ್ಟಿಲ ಬಾವಿ, ರಾಣಿ ರೂಡಾಬಾಯಿ ಕಟ್ಟಿಸಿದ್ದು. ಅಲ್ಲಿ 400ರ ಫಿಲ್ಮಿಗೆ ನಾನು ಬರೆದಿಟ್ಟುಕೊಂಡ ಲೆಕ್ಕ ಹೀಗಿದೆ. ಮೇಲೆ, ಬಾಯಿಯ ಬಿಸಿಲಿನಲ್ಲಿ 1/500, ಎಫ್/16. ಎರಡು ಅಂತಸ್ತು ಇಳಿದರೆ 1/125, ಎಫ್/8. ಕೆಳಗೆ, ನೀರಿನ ಹತ್ತಿರದ ಕಂಬದ ಮೂಲೆಯಲ್ಲಿ 1/30, ಎಫ್/2, ಜೋರ್ಕಿಯ ಲೆನ್ಸು ಇನ್ನು ತೆರೆಯುವುದಿಲ್ಲ. ಮೊದಲ ಇಳಿತ ನಾಲ್ಕು ಸ್ಟಾಪು, ಎರಡನೆಯದು ಆರು. ಹದಿನಾರು ಗುಣಿಸು ಅರವತ್ತನಾಲ್ಕು, ಅಂದರೆ ಮೇಲಿನ ಬೆಳಕು ಕೆಳಗಿನದಕ್ಕಿಂತ 1,024 ಪಟ್ಟು! ಕಣ್ಣಿಗೆ ಇದು ತಿಳಿಯುವುದೇ ಇಲ್ಲ, ಇಳಿಯುತ್ತ ಇಳಿಯುತ್ತ ಅದು ಹೊಂದಿಕೊಂಡುಬಿಡುತ್ತದೆ. ಎಷ್ಟೇ ಅನುಭವಿ ಕಣ್ಣು ಮೋಸ ಹೋಗುವುದು ಇಂಥಲ್ಲೇ. ಮುಳ್ಳಿಗೆ ಆ ದಾಕ್ಷಿಣ್ಯ ಇಲ್ಲ. ಒಂದೊಂದು ಅಂತಸ್ತಿಗೂ ನಿಂತು, ಕಳಚಿ, ಕಂಬದ ಕಲ್ಲಿಗೆ ಹಿಡಿದು, ಓದಿ, ಹೊಂದಿಸಿ ಒತ್ತುವುದು. ಮಧ್ಯಾಹ್ನದಲ್ಲಿ ಎಂಟು ಫೋಟೋ ಆದರೆ ಹೆಚ್ಚು.

ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಕಲಾ ವಿಭಾಗ 1950ರಲ್ಲಿ ಶುರುವಾದದ್ದು. ಅಲ್ಲಿ ಮೊದಲಿಗೆ ಕಲಿಸಿದವರು ಬೇಂದ್ರೆ. ಹೆಸರು ಕೇಳಿದ ಕೂಡಲೇ ನನಗೆ ಸಾಧನಕೇರಿ ನೆನಪಾಗಿ ರೋಮಾಂಚನವಾಗಿತ್ತು, ಆಮೇಲೆ ನೋಡಿದರೆ ಇವರು ಇಂದೋರಿನ ಎನ್.ಎಸ್. ಬೇಂದ್ರೆ! ಅವರ ಶಿಷ್ಯ ಜ್ಯೋತಿ ಭಟ್ಟರು ಚಿತ್ರಕಾರರು. 1967ರಿಂದ ಹಳ್ಳಿಹಳ್ಳಿ ತಿರುಗಿ ಮಣ್ಣಿನ ಗೋಡೆಯ ಚಿತ್ತಾರಗಳನ್ನು ಫೋಟೋ ತೆಗೆದಿಟ್ಟರು. ಕೆಂಪು ಮಣ್ಣು, ಬಿಳಿ ಸುಣ್ಣ, ಒಳಗೆ ಗವ್ವೆನ್ನುವ ಕತ್ತಲು, ಬಾಗಿಲಲ್ಲಿ ಉರಿಬಿಸಿಲು, ಇವೆಲ್ಲ ಒಂದೇ ಚೌಕಟ್ಟಿನಲ್ಲಿ. ಸರಾಸರಿ ಲೆಕ್ಕ ಕೈಕೊಡುವ ಜಾಗ ಇದಕ್ಕಿಂತ ಬೇರೆ ಬೇಕೇ? ಆ ಗೋಡೆಗಳಲ್ಲಿ ಎಷ್ಟೋ ಈಗ ಸಿಮೆಂಟಾಗಿವೆ. ಫೋಟೋಗಳು ಉಳಿದಿವೆ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನನ್ನ ಸೆಲೆನಿಯಂ ಮೀಟರಿನ ಅಂತ್ಯ ಸೂರತ್ತಿನಲ್ಲಾಯಿತು. ವಡೋದರಾಕ್ಕೆ ಮೊದಲು ನಾನಿದ್ದದ್ದು ಅಲ್ಲಿ, ಅಡಾಜಣದಲ್ಲಿ, ನೆಲಮಾಳಿಗೆಯ ಮನೆ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ನೀರು ಬಿಟ್ಟು ತಾಪಿ ಊರೊಳಗೆ ಬಂತು. ನಾವು ಮೇಲಿನ ಮನೆಯವರ ಹತ್ತಿರ ಮೂರು ದಿನ ಇದ್ದೆವು. ಇಳಿದು ಬಂದು ನೋಡಿದರೆ ಕಪಾಟಿನೊಳಗೂ ಕೆಸರು. ಜೋರ್ಕಿಯನ್ನು ಮೇಲೆ ಒಯ್ದಿದ್ದೆ, ಮೀಟರು ಮರೆತಿತ್ತು. ತೇವ ಒಳಹೊಕ್ಕರೆ ಸೆಲೆನಿಯಂ ಕೋಶ ಮತ್ತೆ ಏಳುವುದಿಲ್ಲ. ಒಣಗಿಸಿದೆ, ಬಿಸಿಲಿಗೆ ಹಿಡಿದೆ, ಮುಳ್ಳು ಮಿಸುಕಲಿಲ್ಲ. ನೆಗೆಟಿವ್ ಡಬ್ಬಿಯೂ ನೆನೆದಿತ್ತು. ಅದರಲ್ಲಿ ದೊಡ್ಡ ತಪ್ಪು ಮಾಡಿದೆ, ಹಾಗೇ ಒಟ್ಟಿಗೆ ಒಣಗಲು ಬಿಟ್ಟೆ. ನೆನೆದ ನೆಗೆಟಿವ್‌ಗಳನ್ನು ಒಣಗಲು ಬಿಡದೆ ತಣ್ಣೀರಿನಲ್ಲೇ ಇಟ್ಟು, ಒಂದೊಂದಾಗಿ ಬಿಡಿಸಿ ತೊಳೆದು, ಆಮೇಲೆ ಹಗ್ಗಕ್ಕೆ ನೇತುಹಾಕಬೇಕಂತೆ. ನಿಮ್ಮ ಮನೆಯಲ್ಲಿ ಇದ್ದರೆ ನೆನಪಿಡಿ. ನನ್ನವು ಹಪ್ಪಳದ ಕಟ್ಟಿನ ಹಾಗೆ ಅಂಟಿಕೊಂಡವು. ಹನ್ನೆರಡು ವರ್ಷದ್ದು ಹೋಯಿತು.

ಉಳಿದದ್ದು ಉತ್ತರಾಯಣದ ಆ ಒಂದು ಪಟ್ಟಿ. ಅದು ಅಹಮದಾಬಾದಿನ ಆ ಮುದುಕರ ಸ್ಟುಡಿಯೋದಲ್ಲೇ ಒಂದು ಕವರಿನಲ್ಲಿತ್ತು. ಏನಾದರೂ ಮಾಡಲು ಬರುತ್ತದೋ ನೋಡುತ್ತೇನೆ ಅಂತ ಇಟ್ಟುಕೊಂಡಿದ್ದರು, ನಾನು ಕೇಳಲು ಹೋಗಿರಲಿಲ್ಲ. ಅವರು ಹೋದಮೇಲೆ ಅವರ ಮಗ ನನ್ನನ್ನು ಹುಡುಕಿ ಫೋನು ಮಾಡಿ ಕೊಟ್ಟರು.

ಈಗ ನಾನು ಮತ್ತೆ ಅಹಮದಾಬಾದಿನಲ್ಲಿದ್ದೇನೆ. ಶೂ ಮೀಟರುಗಳಿಗೂ ಮರುಜನ್ಮ ಬಂದಿದೆ. 2000ದ ಆಸುಪಾಸಿನಲ್ಲಿ ಜಪಾನಿನ ಕೊಸಿನಾ, ಫೋಕ್‌ಲ್ಯಾಂಡರ್ ಹೆಸರಿನಲ್ಲಿ ಪುಟ್ಟ ವಿಸಿ ಮೀಟರ್ ತಂದಿತು. ಈಚಿನ ವರ್ಷಗಳಲ್ಲಿ ಹುಡುಗರು ಮತ್ತೆ ಫಿಲ್ಮಿಗೆ ಮರುಳಾದ ಮೇಲೆ ಚೀನಾದಿಂದಲೂ ಬೇರೆ ಕಡೆಯಿಂದಲೂ ಇನ್ನೂ ಚಿಕ್ಕವು ಬಂದಿವೆ. ಒಳಗೆ ಸಿಲಿಕಾನ್ ಕೋಶ, ಗುಂಡಿಯಂಥ ಬ್ಯಾಟರಿ. ನನ್ನ ಮಗಳು ಒಂದು ತರಿಸಿಕೊಟ್ಟಳು. ಫೋನಿನಲ್ಲೇ ಪುಕ್ಕಟೆ ಆ್ಯಪ್ ಸಿಗುತ್ತದಲ್ಲ ಅಪ್ಪಾ, ಅಂತ ಕೊಟ್ಟ ಮೇಲೆ ಅಂದಳು! ಜೋರ್ಕಿಯ ಮೇಲೆ ಕೂರಿಸಿದರೆ ಅದು ಶಟರ್ ಚಕ್ರಕ್ಕೆ ಸ್ವಲ್ಪ ಅಡ್ಡ ಬರುತ್ತದೆ, ಬೆರಳು ತೂರಿಸಿ ತಿರುಗಿಸಬೇಕು. ಫಿಲ್ಟರ್ ಹಾಕಿದರೆ ಅದಕ್ಕೆ ಗೊತ್ತಾಗುವುದಿಲ್ಲ, ಹಳದಿಗೆ ಒಂದು ಸ್ಟಾಪು ನಾನೇ ಸೇರಿಸಬೇಕು. ಆದರೆ ಅಡಾಲಜಿನ ತಳದ ಕತ್ತಲಲ್ಲೂ ಅಂಕಿ ಹೇಳುತ್ತದೆ.

ಕಳೆದ ದೀಪಾವಳಿಗೆ ಬಂದಾಗ ಮಗಳು ಆ ಪಟ್ಟಿಯನ್ನು ಸ್ಕ್ಯಾನ್ ಮಾಡಿದಳು. ಮೂರು ಸ್ಟಾಪು ಕಡಿಮೆಯಾದ ನೆಗೆಟಿವ್‌ನಲ್ಲಿ ಪೂರ್ತಿ ಏನೂ ಇಲ್ಲ ಅಂತಲ್ಲ, ಬಹಳ ತೆಳುವಾಗಿ ಏನೋ ಇರುತ್ತದೆ. ಪರದೆಯ ಮೇಲೆ ಕಪ್ಪನ್ನು ಸ್ವಲ್ಪಸ್ವಲ್ಪವೇ ಎತ್ತುತ್ತ ಹೋದಳು. ಆಕಾಶ ಬೆಳ್ಳಗಾಗಿ ಪತಂಗಗಳೆಲ್ಲ ಅಳಿಸಿಹೋದವು. ರಾಗಿ ಚೆಲ್ಲಿದ ಹಾಗೆ ಕಾಳುಕಾಳು. ಮೊದಲು ಕುಸುರೆಳ್ಳಿನ ಡಬ್ಬಿಯ ಅಂಚು ಕಂಡಿತು, ಆಮೇಲೆ ಅದನ್ನು ಹಿಡಿದ ಬೆರಳು, ಆಮೇಲೆ ಮೂಗುಬೊಟ್ಟಿನ ಒಂದು ಚುಕ್ಕೆ. ಅವ್ವ ಕ್ಯಾಮೆರಾದ ಕಡೆ ನೋಡುತ್ತಲೇ ಇರಲಿಲ್ಲ. ಪಕ್ಕಕ್ಕೆ ಬಾಗಿ, ಚೌಕಟ್ಟಿನ ಆಚೆಯಿಂದ ಚಾಚಿದ ಯಾವುದೋ ಮಗುವಿನ ಅಂಗೈಗೆ ಕುಸುರೆಳ್ಳು ಹಾಕುತ್ತಿದ್ದಳು.

ಅದನ್ನೇ ಪ್ರಿಂಟು ಹಾಕಿಸಿದ್ದೇವೆ.